ಅನ್ನ-ಸಾರು, ಮುದ್ದೆ-ಬಸ್ಸಾರಿನ ಊಟದಲ್ಲಿ ಸ್ನಾಯುವಿಗೆ ಬೇಕಾದ ಪ್ರೋಟೀನ್: ಲೆಕ್ಕ ಎಲ್ಲಿ ತಪ್ಪುತ್ತದೆ, ಪುಡಿ ಎಲ್ಲಿ ಬೇಕಾಗುತ್ತದೆ

ತೂಕದಕಲ್ಲು

ಜಿಮ್‌ಗೆ ಸೇರಿದವರು ಮೊದಲು ಕೇಳುವುದು "ಯಾವ ಪುಡಿ ತಗೊಳ್ಳಲಿ?" ಅಂತ. ಅದಕ್ಕೂ ಮುಂಚೆ ಕೇಳಬೇಕಾದದ್ದು ಈಗಿನ ಊಟದಲ್ಲಿ ಎಷ್ಟು ಪ್ರೋಟೀನ್ ಸಿಗುತ್ತಿದೆ ಅನ್ನುವುದು. ಈ ಚರ್ಚೆಯ ಎಳೆಯಲ್ಲಿ ಆ ಲೆಕ್ಕ ಹಾಕೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಕೊರತೆಯಾಗದೆ ಇರಲು ಇಷ್ಟು ಸಾಕು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಸಾಲದು. 49 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆಯಲ್ಲಿ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸರಾಸರಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಜನರ ನಡುವಿನ ವ್ಯತ್ಯಾಸಕ್ಕೆ ಜಾಗ ಬಿಟ್ಟರೂ 2.2 ಸಾಕು. ಹಾಗಾಗಿ 65 ಕಿಲೋ ತೂಕದವರ ಗುರಿ ದಿನಕ್ಕೆ 104 ಗ್ರಾಂ ಅಂತ ಇಟ್ಟುಕೊಳ್ಳಿ.

ಈಗ ನಮ್ಮ ಕಡೆಯ ಮಾಮೂಲಿ ಸಸ್ಯಾಹಾರಿ ದಿನ ತಗೊಳ್ಳಿ. ಬೆಳಿಗ್ಗೆ ಮೂರು ಇಡ್ಲಿ, ಕಾಯಿಚಟ್ನಿ: 7 ಗ್ರಾಂ. ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನದಿಂದ 9, ತೆಳು ಸಾರಿನ 20 ಗ್ರಾಂ ತೊಗರಿಬೇಳೆಯಿಂದ 4, ಪಲ್ಯದಿಂದ 2, ನೂರು ಗ್ರಾಂ ಮೊಸರಿನಿಂದ 3, ಒಟ್ಟು 18. ಎರಡು ಕಾಫಿಯ ಹಾಲು 5. ರಾತ್ರಿ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ 7, 30 ಗ್ರಾಂ ಕಾಳಿನ ಪಲ್ಯದಿಂದ 7, ಮಜ್ಜಿಗೆಯಿಂದ 1, ಒಟ್ಟು 15. ಎಲ್ಲ ಸೇರಿ 45 ಗ್ರಾಂ. ಗುರಿಯ ಅರ್ಧಕ್ಕೂ ಕಡಿಮೆ, 0.83ರ ಲೆಕ್ಕದ 54 ಗ್ರಾಂಗೂ ಕಡಿಮೆ.

ಹೊಟ್ಟೆ ತುಂಬಿರುತ್ತದೆ, ಆದ್ದರಿಂದ ಕೊರತೆ ಗೊತ್ತಾಗುವುದಿಲ್ಲ. ದೊಡ್ಡ ತೂತು ಇರುವುದು ತಿಂಡಿಯಲ್ಲಿ ಮತ್ತು ಸಾರಿನ ತೆಳುವಿನಲ್ಲಿ.

ಪಥ್ಯಪಾಠ

ಇದಕ್ಕೆ ಎರಡು ಮಾತು ಸೇರಿಸಬೇಕು.

ತೂಕ ಬಹಳ ಹೆಚ್ಚಿರುವವರು ಈಗಿನ ತೂಕಕ್ಕೆ 1.6 ಗುಣಿಸಬಾರದು. 105 ಕಿಲೋ ಇರುವವರಿಗೆ 168 ಗ್ರಾಂ ಬರುತ್ತದೆ, ಅಷ್ಟು ತಿನ್ನಲು ಹೋದರೆ ಕ್ಯಾಲೊರಿಯೂ ಏರುತ್ತದೆ. ಎತ್ತರದ ಸೆಂಟಿಮೀಟರ್‌ನಿಂದ 100 ಕಳೆದು ಬಂದ ಸಂಖ್ಯೆಯನ್ನು ತೂಕ ಅಂತ ಹಿಡಿಯಿರಿ. 170 ಸೆಂ.ಮೀ. ಇದ್ದರೆ 70, ಗುರಿ 112 ಗ್ರಾಂ. ಇದು ಒರಟು ಲೆಕ್ಕ, ಆದರೆ ಮನೆಯ ಬಳಕೆಗೆ ಸಾಕು.

ಇನ್ನೊಂದು, ಬೇಯಿಸುವ ಮುಂಚೆ ತೂಗಿ. ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ತೊಗರಿಬೇಳೆಗೆ ಕೊಟ್ಟಿರುವ 100 ಗ್ರಾಂಗೆ ಸುಮಾರು 22 ಗ್ರಾಂ ಒಣ ಬೇಳೆಯದ್ದು. ಒಂದು ಬಟ್ಟಲು ಬೆಂದ ಬೇಳೆ ತೂಗಿ ಅದಕ್ಕೆ 22 ಹಾಕಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಕೋಳಿಯಲ್ಲಿ ಇದೇ ತಪ್ಪು ಉಲ್ಟಾ: 100 ಗ್ರಾಂ ಹಸಿ ಎದೆಮಾಂಸ ಬೆಂದಾಗ 70–75 ಗ್ರಾಂಗೆ ಇಳಿಯುತ್ತದೆ, ಅದರಲ್ಲಿರುವ 22–23 ಗ್ರಾಂ ಪ್ರೋಟೀನ್ ಹಾಗೇ ಉಳಿಯುತ್ತದೆ. ಅಡುಗೆಮನೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ. ಎರಡು ವಾರ ತೂಗಿದರೆ ಕೈಗೆ ಅಂದಾಜು ಕೂರುತ್ತದೆ, ಆಮೇಲೆ ದಿನಾ ತೂಗಬೇಕಿಲ್ಲ.

ರಾಮನಗರದ ರಾಗಿ

ಬಸ್ಸಾರಿನ ಬಗ್ಗೆ ಸ್ಪಷ್ಟ ಮಾಡಿ. ಕಾಳಿನ ಸತ್ವವೆಲ್ಲ ಬಸಿದ ಕಟ್ಟಿಗೆ ಇಳಿಯುತ್ತದೆ, ಹುರುಳಿಕಟ್ಟಿನ ಸಾರೇ ಬಲ ಅಂತ ನಮ್ಮ ಕಡೆ ಮಾತಿದೆ. ಹಾಗಾದರೆ ಪಲ್ಯ ಬಿಟ್ಟರೂ ನಡೆಯುತ್ತದಾ?

ಪಥ್ಯಪಾಠ

ನಡೆಯುವುದಿಲ್ಲ. ಬಸಿದ ನೀರಿಗೆ ಇಳಿಯುವುದು ಮುಖ್ಯವಾಗಿ ಪೊಟ್ಯಾಸಿಯಂ, ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳು, ಒಂದಿಷ್ಟು ಪಿಷ್ಟ, ಸ್ವಲ್ಪವೇ ಪ್ರೋಟೀನ್. ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಅಂದರೆ ಪ್ರೋಟೀನ್ ಇರುವುದು ಒಗ್ಗರಣೆ ಹಾಕಿದ ಪಲ್ಯದಲ್ಲಿ. ಮುದ್ದೆಗೆ ಸಾರು ಸುರಿದುಕೊಂಡು ಪಲ್ಯವನ್ನು ಒಂದು ಚಮಚ ಪಕ್ಕಕ್ಕೆ ಹಾಕಿಕೊಳ್ಳುವ ರೂಢಿಯನ್ನು ತಿರುಗಿಸಿ. ತಲೆಗೆ 50 ಗ್ರಾಂ ಒಣ ಹುರುಳಿ ಅಥವಾ ಅಲಸಂದೆ ನೆನೆಹಾಕಿ, ಪಲ್ಯ ಪೂರ್ತಿ ತಿನ್ನಿ, 11 ಗ್ರಾಂ ಸಿಗುತ್ತದೆ. ಕಾಳನ್ನು ರುಬ್ಬಿ ಸಾರಿಗೇ ಸೇರಿಸುವ ಮನೆಗಳಲ್ಲಿ ಸಾರಿನಲ್ಲೂ ಪ್ರೋಟೀನ್ ಇರುತ್ತದೆ, ಅದು ಬೇರೆ ಮಾತು.

ಮೊಳಕೆ ಕಟ್ಟಿದರೆ ಪ್ರೋಟೀನ್ ಹೆಚ್ಚುತ್ತದೆ ಅನ್ನುವುದೂ ಸರಿಯಲ್ಲ. 50 ಗ್ರಾಂ ಹೆಸರುಕಾಳಿನಲ್ಲಿದ್ದ 11 ಗ್ರಾಂ ಮೊಳಕೆಯಾದ ಮೇಲೂ ಅಷ್ಟೇ. ನೀರು ಕುಡಿದು ಕಾಳು ಉಬ್ಬಿರುವುದರಿಂದ ನೂರು ಗ್ರಾಂ ಮೊಳಕೆಯ ಲೆಕ್ಕದಲ್ಲಿ ಕಡಿಮೆಯೇ ಆಗುತ್ತದೆ. ಖನಿಜಗಳ ಹೀರಿಕೆಗೆ ಅಡ್ಡ ಬರುವ ಫೈಟೇಟ್ ಇಳಿಯುತ್ತದೆ, ವಿಟಮಿನ್ ಸಿ ಹುಟ್ಟುತ್ತದೆ, ಹೊಟ್ಟೆಗೆ ಹಗುರ. ಆ ಕಾರಣಕ್ಕೆ ಮೊಳಕೆ ಒಳ್ಳೆಯದು.

ನುಚ್ಚಿನುಂಡೆ

ತಿಂಡಿಯ ತೂತು ಮುಚ್ಚಲು ನಮ್ಮ ಅಡುಗೆಯಲ್ಲೇ ದಾರಿ ಇದೆ. ಅಕ್ಕಿ-ರವೆ ತಿಂಡಿಯ ಜಾಗಕ್ಕೆ ವಾರದಲ್ಲಿ ನಾಲ್ಕು ದಿನ ಬೇಳೆ ತಿಂಡಿ ತನ್ನಿ.

ನುಚ್ಚಿನುಂಡೆ: ಒಬ್ಬರಿಗೆ 50 ಗ್ರಾಂ ತೊಗರಿಬೇಳೆ, 30 ಗ್ರಾಂ ಕಡಲೆಬೇಳೆ. ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತರಿತರಿಯಾಗಿ ರುಬ್ಬಿ. ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಹಸಿಮೆಣಸು, ಶುಂಠಿ, ಉಪ್ಪು ಸೇರಿಸಿ ಉಂಡೆ ಕಟ್ಟಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ. ಬೇಳೆಯಿಂದಲೇ 17 ಗ್ರಾಂ. ಜೊತೆಗೆ 150 ಗ್ರಾಂ ಮೊಸರಿಟ್ಟರೆ 22. ಉಂಡೆ ಒಡೆದರೆ ನೀರು ಉಳಿದಿದೆ ಎಂದರ್ಥ, ಕಲ್ಲಿನಂತೆ ಗಟ್ಟಿಯಾದರೆ ತೀರಾ ನುಣ್ಣಗೆ ರುಬ್ಬಿದ್ದೀರಿ.

ಹೆಸರುಬೇಳೆ ದೋಸೆಗೆ ಒಬ್ಬರಿಗೆ 70 ಗ್ರಾಂ ಬೇಳೆ, ಒಂದು ಚಮಚ ಅಕ್ಕಿ. ಮಿಶ್ರಬೇಳೆಯ ದಪ್ಪ ದೋಸೆ ಅಡೆಗೆ ಮೂರು ಬೇಳೆ ಸೇರಿ 60 ಗ್ರಾಂ, ಅಕ್ಕಿ 30. ಇಡ್ಲಿಯೇ ಬೇಕು ಅನ್ನುವವರು ಒಂದು ಪಾಲು ಉದ್ದಿಗೆ ಮೂರು ಪಾಲು ಅಕ್ಕಿ ಹಾಕುವ ಬದಲು ಎರಡು ಪಾಲು ಹಾಕಿ, ಕಾಯಿಚಟ್ನಿಯ ಬದಲು ಗಟ್ಟಿ ಸಾಂಬಾರು ಇಟ್ಟುಕೊಳ್ಳಿ.

ಮೊಸರಿಗೂ ಒಂದು ಉಪಾಯ. ಒಂದು ಲೀಟರ್ ಹಾಲಿಗೆ 50 ಗ್ರಾಂ ಕೆನೆರಹಿತ ಹಾಲಿನ ಪುಡಿ ಕರಗಿಸಿ, ಕಾಯಿಸಿ ಆರಿಸಿ ಹೆಪ್ಪು ಹಾಕಿ. ಈ ಪುಡಿಯಲ್ಲಿ ನೂರಕ್ಕೆ 35–36 ಗ್ರಾಂ ಪ್ರೋಟೀನ್. ಇಡೀ ಮೊಸರಿಗೆ 18 ಗ್ರಾಂ ಹೆಚ್ಚಾಯಿತು, ಕತ್ತರಿಸುವಷ್ಟು ಗಟ್ಟಿಯೂ ಆಗುತ್ತದೆ. ಡೈರಿ ವೈಟ್ನರ್ ಅಂತ ಮಾರುವುದರಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುತ್ತದೆ, ಪ್ರೋಟೀನ್ ಕಡಿಮೆ. ಅದನ್ನು ತರಬೇಡಿ, ಕೆನೆರಹಿತ ಹಾಲಿನ ಪುಡಿ ಅಂತ ಬರೆದಿದ್ದನ್ನೇ ನೋಡಿ ತಗೊಳ್ಳಿ. ಹಾಲು ಒಗ್ಗದವರಿಗೆ ಇದರ ಲ್ಯಾಕ್ಟೋಸ್ ಹೊಟ್ಟೆ ಉಬ್ಬರಿಸಬಹುದು.

ಧಾರವಾಡದ ಓಣಿ

ನಮ್ಮ ಕಡೆ ಊಟ ಇದಕ್ಕಿಂತ ಅನುಕೂಲ ಅದರೀ. ಜೋಳದ ಹಿಟ್ಟಿನ್ಯಾಗ ನೂರಕ್ಕ ಸುಮಾರು 10 ಗ್ರಾಂ. ಎರಡು ರೊಟ್ಟಿಗೆ 120 ಗ್ರಾಂ ಹಿಟ್ಟು ಹಿಡೀರಿ, 12 ಆತು. ಮಡಕಿಕಾಳು ಇಲ್ಲಾ ಹೆಸರಕಾಳು ಒಣಾ 50 ಗ್ರಾಂ ಪಲ್ಯಾ ಮಾಡಿದ್ರ 11. ಝುಣಕಕ್ಕ 40 ಗ್ರಾಂ ಕಡಲಿಹಿಟ್ಟು, 8 ಗ್ರಾಂ. ಮೊಸರು ಸೇರಿ ಒಂದು ಊಟಕ್ಕ 34 ಆಗತದ, ಪುಡಿ ಏನೂ ಬೇಕಾಗಂಗಿಲ್ಲ.

ತಪ್ಪೋದು ಶೇಂಗಾದಾಗ. ಶೇಂಗಾ ಹಿಂಡಿ ತಿಂದ್ರ ಪ್ರೋಟೀನ್ ಸಾಕಷ್ಟು ಬಂತು ಅಂತ ತಿಳ್ಕೋತಾರ. 30 ಗ್ರಾಂ ಶೇಂಗಾದಾಗ 7 ಗ್ರಾಂ ಪ್ರೋಟೀನ್ ಖರೆ, ಆದರ 170 ಕ್ಯಾಲೊರಿ ಅದರ ಜೋಡಿನ ಬರತಾವ, ಬಹಳಷ್ಟು ಎಣ್ಣಿಯಿಂದ. ತೂಕ ಏರಸವರಿಗೆ ಛಲೋ. ಹೊಟ್ಟಿ ಇಳಸವರು ಅಳತಿ ಮ್ಯಾಲೆ ತಿನ್ರಿ. ಮುಗ್ಗಲು ವಾಸನಿ ಬಂದ ಶೇಂಗಾ ಒಂದ ಕಾಳೂ ಬಾಯಾಗ ಹಾಕಬ್ಯಾಡ್ರಿ, ಅದರಾಗಿನ ಬೂಸಲಿನ ಅಫ್ಲಾಟಾಕ್ಸಿನ್ ಲಿವರಿಗೆ ವಿಷ, ಹುರದರೂ ಪೂರ್ತಿ ಹೋಗಂಗಿಲ್ಲ.

ತೂಕದಕಲ್ಲು

ಅದೇ 65 ಕಿಲೋದವರ ದಿನವನ್ನು ತಿದ್ದಿ ಬರೆಯುತ್ತೇನೆ. ತಿಂಡಿ ನುಚ್ಚಿನುಂಡೆ, ಮೊಸರು: 22. ಮಧ್ಯಾಹ್ನ ಅದೇ ಅನ್ನ, ತಲೆಗೆ 40 ಗ್ರಾಂ ಬೇಳೆಯ ಗಟ್ಟಿ ಹುಳಿ ಅಥವಾ ತೊವ್ವೆ, ಪಲ್ಯ, ಮೊಸರು: 23. ಸಂಜೆ 250 ಮಿ.ಲೀ. ಹಾಲು, 40 ಗ್ರಾಂ ಹುರಿಗಡಲೆ: 16. ರಾತ್ರಿ ಮುದ್ದೆ, 40 ಗ್ರಾಂ ಒಣ ಸೋಯಾ ತುಂಡಿನ ಪಲ್ಯ, ಮಜ್ಜಿಗೆ: 28. ಕಾಫಿ ಹಾಲು 5. ಒಟ್ಟು 94. ಉಳಿದ 10 ಗ್ರಾಂಗೆ 25–30 ಗ್ರಾಂ ಹಾಲಿನ ಪುಡಿ ಅಥವಾ ಅರ್ಧ ಸ್ಕೂಪ್ (ಡಬ್ಬಿಯ ಅಳತೆ ಚಮಚ) ವೇ, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಪುಡಿ ನಿಲ್ಲಬೇಕಾದ ಜಾಗ ಇದು, ಕೊನೆಯ ಹತ್ತು-ಇಪ್ಪತ್ತು ಗ್ರಾಂ.

ಒಂದೇ ದಿನಕ್ಕೆ ಈ ಪಟ್ಟಿಗೆ ಹಾರಬೇಡಿ. ಕಾಳು, ಸೋಯಾ ಏಕಾಏಕಿ ಎರಡು ಪಟ್ಟಾದರೆ ವಾಯು ಆಗಿ ಮೂರೇ ದಿನಕ್ಕೆ ಕೈಬಿಡುತ್ತೀರಿ. ವಾರಕ್ಕೆ 10–15 ಗ್ರಾಂನಷ್ಟು ಒಣ ಕಾಳು ಏರಿಸಿ. ಕಾಳು 8–10 ಗಂಟೆ ನೆನೆಸಿ ಆ ನೀರು ಚೆಲ್ಲಿ. ನೀರು ಹೆಚ್ಚು ಕುಡಿಯಿರಿ.

ಹೊಸಬ 560

ಧಾನ್ಯ, ಬೇಳೆಯ ಪ್ರೋಟೀನ್ "ಅಪೂರ್ಣ", ಲೆಕ್ಕಕ್ಕೇ ಹಿಡಿಯಬಾರದು ಅಂತ ಜಿಮ್ ತರಬೇತುದಾರರು ಹೇಳುತ್ತಾರೆ. ಹಾಲು, ಮೊಟ್ಟೆ, ಪುಡಿ ಮಾತ್ರ ಎಣಿಸಬೇಕಂತೆ.

ಪಥ್ಯಪಾಠ

ಅಕ್ಕಿ, ರಾಗಿ, ಗೋಧಿ, ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ) ಕಡಿಮೆ. ಬೇಳೆಯಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ, ಅದು ಧಾನ್ಯದಲ್ಲಿ ಸಿಗುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದಿಲ್ಲ, ದಿನದೊಳಗೆ ಬಂದರೆ ಸಾಕು. ಹಾಗಾಗಿ ಎಣಿಸಿ. ಆದರೆ ಅನ್ನದ ಜೊತೆ ನೀರುಸಾರು ಮಾತ್ರ ಆದರೆ ಲೈಸಿನ್ ಕೊರತೆ ನಿಜವಾಗಿಯೂ ಆಗುತ್ತದೆ. ಅವರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಸತ್ಯವಿದೆ.

ಸಸ್ಯ ಪ್ರೋಟೀನ್ ಜೀರ್ಣವಾಗುವ ಪಾಲೂ ಸ್ವಲ್ಪ ಕಡಿಮೆ. ಪೂರ್ತಿ ಸಸ್ಯಾಹಾರಿಗಳು, ಅದರಲ್ಲೂ ಹಾಲು ಬಿಟ್ಟವರು, 1.6ರ ಬದಲು 1.8 ಇಟ್ಟುಕೊಂಡರೆ ಆ ಕೊರತೆ ತುಂಬುತ್ತದೆ. ಇನ್ನು ಲ್ಯೂಸಿನ್. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಅಮೈನೋ ಆಮ್ಲ ಅದು. ಒಂದು ಊಟದಲ್ಲಿ 2.5 ಗ್ರಾಂ ಆಸುಪಾಸು ಇರಲಿ. 25 ಗ್ರಾಂ ವೇ ಪ್ರೋಟೀನ್‌ನಲ್ಲಿ ಅಷ್ಟು ಸಿಗುತ್ತದೆ, ಬೇಳೆ-ಧಾನ್ಯದಲ್ಲಾದರೆ 33–35 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ಮೂರು-ನಾಲ್ಕು ಊಟಕ್ಕೆ ಹಂಚಿ ಅನ್ನುವುದು ಇದೇ ಕಾರಣಕ್ಕೆ. ಆದರೆ ಹೊಂದುವುದು ಎರಡೇ ಊಟವಾದರೆ ಹೆದರಬೇಡಿ. ಒಮ್ಮೆಗೆ 30 ಗ್ರಾಂಗಿಂತ ಹೆಚ್ಚು ಹೀರುವುದಿಲ್ಲ ಅನ್ನುವುದು ಸುಳ್ಳು. ಕರುಳು ಎಲ್ಲವನ್ನೂ ಹೀರುತ್ತದೆ, ನಿಧಾನವಾಗಿ.

ಬಂಗುಡೆ ಕುಂದಾಪ್ರ

ಮೀನು ತಿನ್ನುವವರಿಗೆ: ಬಂಗುಡೆ, ಬೂತಾಯಿಯ ಮಾಂಸದಲ್ಲಿ ನೂರಕ್ಕೆ ಸುಮಾರು 19–20 ಗ್ರಾಂ. ತಲೆ, ಮುಳ್ಳು, ಹೊಟ್ಟೆ ಕಳೆದು ಇಡೀ ಮೀನಿನ ತೂಕದಲ್ಲಿ 55–60 ಭಾಗವಷ್ಟೇ ತಿನ್ನಲು ಉಳಿಯುವುದು. ಎರಡೂ ಸೇರಿ 250 ಗ್ರಾಂ ತೂಗುವ ಬಂಗುಡೆಯಿಂದ 28 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ರವಾ ಫ್ರೈಗಿಂತ ಹುಳಿ-ಖಾರದ ಪುಳಿಮುಂಚಿ ಸಾರು ಮೇಲು, ಎಣ್ಣೆ ಕಡಿಮೆ. ಒಣಮೀನಿನಲ್ಲಿ ಪ್ರೋಟೀನ್ ಒತ್ತೊತ್ತಾಗಿ ಇರುತ್ತದೆ, ಉಪ್ಪೂ ಅಷ್ಟೇ. ರಕ್ತದೊತ್ತಡ ಇರುವವರು ಅದನ್ನು ಪ್ರೋಟೀನ್ ಮೂಲವಾಗಿ ಎಣಿಸಬೇಡಿ.

ಮೂಳೆ ಸಮೇತ ಕತ್ತರಿಸಿದ ಕೋಳಿಯಲ್ಲೂ ಹೀಗೇ. 300 ಗ್ರಾಂ ತೂಕಕ್ಕೆ 200 ಗ್ರಾಂ ಮಾಂಸ, 40 ಗ್ರಾಂ ಪ್ರೋಟೀನ್. ಹೋಟೆಲಿನ ಬಿರಿಯಾನಿಯ ಎರಡು ತುಂಡಿನಲ್ಲಿ 20 ಗ್ರಾಂ ಸಿಕ್ಕರೆ ಹೆಚ್ಚು.

ಗರಡಿ ಮಣ್ಣು

ಬೆಳಿಗ್ಗೆ ಸಾಮು ಮುಗಿಸಿ ಹಸಿಮೊಟ್ಟೆ ಹಾಲಿಗೆ ಒಡೆದು ಕುಡಿಯುವ ಹುಡುಗರು ಇನ್ನೂ ಇದ್ದಾರೆ. ದಯವಿಟ್ಟು ನಿಲ್ಲಿಸಿ. 1998ರಲ್ಲಿ ಅಳೆದು ನೋಡಿದಾಗ ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ 91 ಭಾಗ ಜೀರ್ಣವಾಯಿತು, ಹಸಿಯದ್ದು 51 ಭಾಗ ಮಾತ್ರ. ಜೊತೆಗೆ ಸಾಲ್ಮೊನೆಲ್ಲಾ ಭಯ. ಹಸಿ ಬಿಳಿಯ ಭಾಗದಲ್ಲಿರುವ ಅವಿಡಿನ್ ಬಯೋಟಿನ್ ಎಂಬ ವಿಟಮಿನ್ ಅನ್ನು ಕಟ್ಟಿಹಾಕುತ್ತದೆ. ಕುದಿಯುವ ನೀರಿನಲ್ಲಿ 9–10 ನಿಮಿಷ ಸಾಕು. ಒಂದು ಮೊಟ್ಟೆಗೆ 6 ಗ್ರಾಂ, ಅದರಲ್ಲಿ 2.7 ಗ್ರಾಂನಷ್ಟು ಇರುವುದು ಹಳದಿಯಲ್ಲಿ. ಹಳದಿ ಬಿಸಾಡಿದರೆ ಅರ್ಧಕ್ಕೆ ಸ್ವಲ್ಪ ಕಡಿಮೆ ಪ್ರೋಟೀನ್ ಬಿಸಾಡಿದಂತೆ. ಕೊಲೆಸ್ಟ್ರಾಲ್ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು ಮಾತ್ರ ಹಳದಿಯ ಸಂಖ್ಯೆಯನ್ನು ವೈದ್ಯರ ಜೊತೆ ಮಾತಾಡಿ ಮಿತಿ ಮಾಡಿಕೊಳ್ಳಲಿ.

ಹೊಸಬ 560

ಸೋಯಾ ತಿಂದರೆ ಗಂಡಸರಿಗೆ ಹಾರ್ಮೋನು ಏರುಪೇರಾಗುತ್ತದೆ ಅನ್ನುವುದು?

ಪಥ್ಯಪಾಠ

ಗಂಡಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲೂ 2021ರಲ್ಲೂ ವಿಶ್ಲೇಷಿಸಿದ್ದಾರೆ. ಸೋಯಾ ಪ್ರೋಟೀನ್‌ನಿಂದಾಗಲಿ ಅದರಲ್ಲಿರುವ, ಹೆಣ್ಣು ಹಾರ್ಮೋನನ್ನು ಹೋಲುವ ಐಸೋಫ್ಲೇವೋನ್‌ಗಳಿಂದಾಗಲಿ ಟೆಸ್ಟೊಸ್ಟೆರೋನ್ ಇಳಿದದ್ದು ಕಂಡಿಲ್ಲ. ದಿನಕ್ಕೆ 40–50 ಗ್ರಾಂ ಒಣ ತುಂಡು ಧೈರ್ಯವಾಗಿ ತಿನ್ನಿ. ನಿಜವಾಗಿ ಎಚ್ಚರ ಬೇಕಾದವರು ಥೈರಾಯ್ಡ್ ಮಾತ್ರೆ ನುಂಗುವವರು. ಸೋಯಾ ಆ ಮಾತ್ರೆಯ ಲೆವೊಥೈರಾಕ್ಸಿನ್ ಹೀರಿಕೆಗೆ ಅಡ್ಡ ಬರುತ್ತದೆ, ಹಾಲು, ವೇ, ಕ್ಯಾಲ್ಸಿಯಂ ಮಾತ್ರೆ ಸಹ. ಮಾತ್ರೆ ಬರಿ ಹೊಟ್ಟೆಯಲ್ಲಿ ತಗೊಂಡು, ಸೋಯಾ ಮತ್ತು ಪುಡಿಯನ್ನು ನಾಲ್ಕು ಗಂಟೆ ಆಚೆಗಿಡಿ.

ಅಡುಗೆ: ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ತಣ್ಣೀರಿನಲ್ಲಿ ಎರಡು-ಮೂರು ಸಲ ಹಿಂಡಿ. ಹಿಂಡದಿದ್ದರೆ ಹಸಿವಾಸನೆ ಉಳಿಯುತ್ತದೆ, ಮಸಾಲೆ ಒಳಗೆ ಇಳಿಯುವುದಿಲ್ಲ.

ಲೇಬಲ್ ಓದುಗ

ಪುಡಿಯ ವಿಷಯಕ್ಕೆ ಬರೋಣ. ವೇ ಅಂದರೆ ಚೀಸ್ ಮಾಡುವಾಗ ಬೇರ್ಪಡುವ ನೀರಿನ ಪ್ರೋಟೀನ್. ಹಾಲಿನ ಪ್ರೋಟೀನ್‌ನಲ್ಲಿ ನೂರಕ್ಕೆ 80 ಭಾಗ ಕೇಸಿನ್, 20 ಭಾಗ ವೇ. ಮನೆಯಲ್ಲಿ ಪನೀರ್ ಒಡೆಸಿದ ನೀರು ಕುಡಿದರೆ ವೇ ಸಿಕ್ಕಿತು ಅಂತ ಹಲವರು ಬರೆಯುತ್ತಾರೆ. ಹಾಲನ್ನು ಕುದಿಸಿ ಹುಳಿ ಹಿಂಡುವಾಗ ವೇ ಪ್ರೋಟೀನ್‌ನ ಬಹುಪಾಲು ಪನೀರ್‌ಗೇ ಅಂಟಿಕೊಳ್ಳುತ್ತದೆ. ಆ ನೀರಿನ ನೂರು ಮಿ.ಲೀ.ನಲ್ಲಿ ಒಂದು ಗ್ರಾಂ ಪ್ರೋಟೀನ್ ಕೂಡ ಇರುವುದಿಲ್ಲ. ಚಪಾತಿ ಹಿಟ್ಟು ಕಲಸಲು ಬಳಸಿ, ಲೆಕ್ಕಕ್ಕೆ ಹಿಡಿಯಬೇಡಿ.

ವೇ ಪುಡಿಯ ಕಾನ್ಸಂಟ್ರೇಟ್ ಬಗೆಯಲ್ಲಿ ನೂರಕ್ಕೆ 70–80 ಭಾಗ ಪ್ರೋಟೀನ್, ಸ್ವಲ್ಪ ಲ್ಯಾಕ್ಟೋಸ್. ಐಸೊಲೇಟ್‌ನಲ್ಲಿ 90 ಆಸುಪಾಸು, ಲ್ಯಾಕ್ಟೋಸ್ ತೀರಾ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೆ ಐಸೊಲೇಟ್‌ನ ಹೆಚ್ಚುವರಿ ಬೆಲೆ ಸಾರ್ಥಕ, ಉಳಿದವರಿಗೆ ಕಾನ್ಸಂಟ್ರೇಟ್ ಸಾಕು. ಹೈಡ್ರೊಲೈಸ್ಡ್ (ಪ್ರೋಟೀನ್ ಅನ್ನು ಮೊದಲೇ ಸಣ್ಣದಾಗಿ ಒಡೆದದ್ದು) ಅಂತ ಬರೆದದ್ದಕ್ಕೆ ಇನ್ನೂ ದುಡ್ಡು ಕೊಡಬೇಡಿ, ಸ್ನಾಯುವಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಡಬ್ಬಿಯ ಮುಂಭಾಗದ "24 ಗ್ರಾಂ" ನೋಡಿ ಮರುಳಾಗಬೇಡಿ, ಸ್ಕೂಪ್ ಎಷ್ಟು ಗ್ರಾಂ ಅಂತ ಹಿಂದೆ ನೋಡಿ. 30ಕ್ಕೆ 24 ಆದರೆ 80 ಭಾಗ. 45ಕ್ಕೆ 24 ಆದರೆ 53 ಭಾಗ, ಉಳಿದದ್ದಕ್ಕೆಲ್ಲ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್, ಕೋಕೋ, ಸಕ್ಕರೆಯ ಬೆಲೆ ಕೊಡುತ್ತಿದ್ದೀರಿ. ತೂಕ ಏರಿಸುವ ಮಾಸ್ ಗೇನರ್‌ಗಳಲ್ಲಿ ಇದು ಇನ್ನೂ ಕೆಳಗಿಳಿಯುತ್ತದೆ. ಅದರ ಬದಲು ಹಾಲು, ಎರಡು ಬಾಳೆಹಣ್ಣು, ಹುರಿಹಿಟ್ಟು, ಒಂದು ಚಮಚ ಶೇಂಗಾ ಬೆಣ್ಣೆ ಅರೆದು ಕುಡಿಯಿರಿ.

ಬೆಲೆ ಹೋಲಿಸುವಾಗ ಒಂದು ಗ್ರಾಂ ಪ್ರೋಟೀನ್‌ಗೆ ಎಷ್ಟು ಅಂತ ನೋಡಿ. ಕಿಲೋಗೆ 2,400 ರೂಪಾಯಿಯ 75 ಭಾಗದ ವೇ ಆದರೆ 3 ರೂ. 20 ಪೈಸೆ. 7 ರೂಪಾಯಿ ಮೊಟ್ಟೆ ಆದರೆ 1 ರೂ. 17 ಪೈಸೆ. ಕಿಲೋಗೆ 160 ರೂಪಾಯಿಯ ಸೋಯಾ ತುಂಡು ಆದರೆ 31 ಪೈಸೆ. ಕಿಲೋಗೆ 420 ರೂಪಾಯಿಯ ಪನೀರ್ ಆದರೆ 2 ರೂ. 30 ಪೈಸೆ. ನಿಮ್ಮೂರಿನ ಬೆಲೆ ಹಾಕಿ ಮತ್ತೆ ಗುಣಿಸಿಕೊಳ್ಳಿ, ಸಾಲಿನ ಕ್ರಮ ಬಹುತೇಕ ಹೀಗೇ ಇರುತ್ತದೆ.

ಹೊಸಬ 560

ನಕಲಿ ಗುರುತಿಸುವುದು ಹೇಗೆ? ನೀರಿಗೆ ಹಾಕಿ ನೊರೆ ನೋಡುವುದು, ಬೆಂಕಿಗೆ ಹಿಡಿಯುವುದು ಅಂತೆಲ್ಲ ವಿಡಿಯೋ ಇವೆ.

ಲೇಬಲ್ ಓದುಗ

ಅವುಗಳಿಂದ ಏನೂ ಗೊತ್ತಾಗುವುದಿಲ್ಲ. ಪುಡಿ ನೀರಿನಲ್ಲಿ ಬೆರೆಯಲೆಂದು ಹಾಕುವ ಲೆಸಿಥಿನ್ ಎಷ್ಟು ಸೇರಿಸಿದ್ದಾರೆ ಅನ್ನುವುದರ ಮೇಲೆ ನೊರೆ, ಕರಗುವಿಕೆ ಎರಡೂ ಬದಲಾಗುತ್ತವೆ.

ಮೋಸ ಎಲ್ಲಿ ಆಗುತ್ತದೆ ಅಂತ ತಿಳಿದರೆ ಯಾವುದನ್ನು ನೋಡಬೇಕು ಅಂತ ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಪ್ರೋಟೀನ್ ಅಲ್ಲ, ನೈಟ್ರೋಜನ್. ಕೆಲ್ಡಾಲ್ ವಿಧಾನದಲ್ಲಿ ಸಿಕ್ಕ ನೈಟ್ರೋಜನ್ ಅನ್ನು 6.25ರಿಂದ, ಹಾಲಿನ ಪದಾರ್ಥಕ್ಕೆ 6.38ರಿಂದ ಗುಣಿಸುತ್ತಾರೆ. ಗ್ಲೈಸಿನ್, ಟಾರಿನ್ ಎಂಬ ಅಗ್ಗದ ಬಿಡಿ ಅಮೈನೋ ಆಮ್ಲ ಬೆರೆಸಿದರೂ ನೈಟ್ರೋಜನ್ ಏರುತ್ತದೆ, ಲೇಬಲ್ ಮೇಲೆ ಪ್ರೋಟೀನ್ ಏರಿದಂತೆ ಕಾಣುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಅಮೈನೋ ಆಮ್ಲಗಳ ಪಟ್ಟಿ ಇರುವ ಡಬ್ಬಿಯನ್ನೇ ಕೊಳ್ಳಿ. 25 ಗ್ರಾಂ ವೇ ಪ್ರೋಟೀನ್‌ಗೆ ಲ್ಯೂಸಿನ್ 2.5 ಗ್ರಾಂ ಆಸುಪಾಸು ಇರಬೇಕು, ಗ್ಲೈಸಿನ್ ಅರ್ಧ ಗ್ರಾಂ ಮೀರಿದರೆ ಅನುಮಾನಿಸಿ. ಪದಾರ್ಥಗಳ ಸಾಲಿನಲ್ಲಿ ಗ್ಲೈಸಿನ್, ಟಾರಿನ್, ಕ್ರಿಯಾಟಿನ್ ಬಿಡಿಬಿಡಿಯಾಗಿ ಕಂಡರೆ ಬಿಟ್ಟುಬಿಡಿ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತಿನ ಜೊತೆ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಇರಬೇಕು. ವಿದೇಶಿ ಡಬ್ಬಿಯಾದರೆ ಆಮದುದಾರರ ಹೆಸರು, ವಿಳಾಸದ ಚೀಟಿ ಬೇಕೇ ಬೇಕು. ಜಿಮ್‌ನಲ್ಲಿ ಬಿಲ್ ಇಲ್ಲದೆ ಕೈಗೆ ಕೊಡುವುದನ್ನು ಮುಟ್ಟಬೇಡಿ. 2024ರ ಏಪ್ರಿಲ್‌ನಲ್ಲಿ ‘ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳ ಪೈಕಿ ನೂರಕ್ಕೆ 70ರಷ್ಟರಲ್ಲಿ ಪ್ರೋಟೀನ್ ಲೇಬಲ್‌ನಂತೆ ಇರಲಿಲ್ಲ, ಸುಮಾರು 14 ಭಾಗದಲ್ಲಿ ಅಫ್ಲಾಟಾಕ್ಸಿನ್ ಸಿಕ್ಕಿತು. ಗಿಡಮೂಲಿಕೆ ಸಾರ ಬೆರೆಸಿದ ಪ್ರೋಟೀನ್ ಪುಡಿಗಳಿಂದ ದೂರ ಇರಿ, ಯಾವುದು ಎಷ್ಟು ಬೆರೆತಿದೆ, ಲಿವರ್ ಮೇಲೆ ಏನು ಮಾಡುತ್ತದೆ ಅಂತ ತಿಳಿಯಲು ದಾರಿಯೇ ಇರುವುದಿಲ್ಲ.

ಮಲೆನಾಡ ಮಳೆ

ಶೇಖರಣೆ ಬಗ್ಗೆ. ಆಗುಂಬೆ, ತೀರ್ಥಹಳ್ಳಿ, ಕರಾವಳಿಯ ಮಳೆಗಾಲದಲ್ಲಿ ಪುಡಿ ಗಂಟು ಕಟ್ಟುತ್ತದೆ. ಒದ್ದೆ ಸ್ಕೂಪ್ ಒಳಗೆ ಬಿಡಬೇಡಿ, ಒಲೆಯ ಹತ್ತಿರ ಇಡಬೇಡಿ, ದೊಡ್ಡ ಚೀಲ ತಂದರೆ ಹದಿನೈದು ದಿನದ್ದನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಉಳಿದದ್ದನ್ನು ಭದ್ರವಾಗಿ ಮುಚ್ಚಿಡಿ. ಮುಗ್ಗಲು ಬಂದರೆ ಎಸೆಯಿರಿ.

ಗಂಜಿ, ಅಂಬಲಿಗೆ ಬೆರೆಸುವವರು ಕುದಿಯುವಾಗ ಹಾಕಬೇಡಿ. 70 ಡಿಗ್ರಿ ದಾಟಿದರೆ ವೇ ಮುದ್ದೆಗಟ್ಟಿ ಗಂಟಾಗುತ್ತದೆ. ಪೋಷಣೆ ನಾಶವಾಗುವುದಿಲ್ಲ, ಕುಡಿಯಲು ಆಗುವುದಿಲ್ಲ ಅಷ್ಟೆ. ಪುಡಿಯನ್ನು ಮೊದಲು 50 ಮಿ.ಲೀ. ತಣ್ಣೀರಿನಲ್ಲಿ ಕಲಸಿ, ಗಂಜಿ ಬೆರಳು ಅದ್ದುವಷ್ಟು ಆರಿದ ಮೇಲೆ ಸುರಿಯಿರಿ.

ಗರಡಿ ಮಣ್ಣು

ಕ್ರಿಯಾಟಿನ್ ಬಗ್ಗೆ ಯಾರೂ ಹೇಳಿಲ್ಲ. ಸ್ಟಿರಾಯ್ಡ್ ಅಂತ ಮನೆಯವರು ಹೆದರುತ್ತಾರೆ.

ತೂಕದಕಲ್ಲು

ಸ್ಟಿರಾಯ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ದೇಹವೇ ತಯಾರಿಸುವ, ಮಾಂಸ-ಮೀನಿನಲ್ಲಿ ಇರುವ ವಸ್ತು. ಭಾರ ಎತ್ತುವ ಮೊದಲ ಕೆಲವು ಸೆಕೆಂಡಿನ ಶಕ್ತಿಯನ್ನು ಮತ್ತೆ ತುಂಬುವುದು ಅದರ ಕೆಲಸ. ಒಂದೆರಡು ಬಾರಿ ಹೆಚ್ಚು ಎತ್ತಲಾಗುತ್ತದೆ, ತಿಂಗಳುಗಟ್ಟಲೆ ಹಾಗೆ ಎತ್ತಿದ್ದರಿಂದ ಸ್ನಾಯು ಬೆಳೆಯುತ್ತದೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದರ ಸಂಗ್ರಹ ಕಡಿಮೆ, ಆದ್ದರಿಂದ ಅವರಿಗೆ ಲಾಭ ಹೆಚ್ಚು ಕಾಣುವ ಸಾಧ್ಯತೆ ಇದೆ. ಪೂರಕಗಳಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ವೇ ಬಿಟ್ಟು ಇದನ್ನೇ ಕೊಳ್ಳಿ ಅನ್ನುತ್ತೇನೆ.

ಬೇಕಾದದ್ದು ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್. ದಿನಕ್ಕೆ 3ರಿಂದ 5 ಗ್ರಾಂ, ರಜಾ ದಿನವೂ ಸೇರಿ, ಯಾವ ಹೊತ್ತಾದರೂ ಸರಿ. ಮೂರು-ನಾಲ್ಕು ವಾರದಲ್ಲಿ ಸ್ನಾಯು ತುಂಬುತ್ತದೆ. ಬೇಗ ಬೇಕು ಅನ್ನುವವರು ದಿನಕ್ಕೆ 20 ಗ್ರಾಂ ಅನ್ನು ನಾಲ್ಕು ಪಾಲು ಮಾಡಿ 5–7 ದಿನ ತಗೊಂಡು ಆಮೇಲೆ 5ಕ್ಕೆ ಇಳಿಯಬಹುದು. ಹತ್ತು ಗ್ರಾಂ ಒಟ್ಟಿಗೆ ನುಂಗಿದರೆ ಭೇದಿ ಆಗುವುದುಂಟು. ಬೆರೆಸಿದ್ದನ್ನು ಆಗಲೇ ಕುಡಿಯಿರಿ, ನೀರಿನಲ್ಲಿ ದಿನಗಟ್ಟಲೆ ನಿಂತರೆ ಕ್ರಿಯಾಟಿನಿನ್ ಎಂಬ ಬೇರೆ ವಸ್ತುವಾಗಿ ವ್ಯರ್ಥವಾಗುತ್ತದೆ. ಮೊದಲ ವಾರಗಳಲ್ಲಿ ತೂಕ ಒಂದೆರಡು ಕಿಲೋ ಏರಬಹುದು, ಅದು ಸ್ನಾಯುವಿನೊಳಗಿನ ನೀರು.

ಕೂದಲು ಉದುರುತ್ತದೆ ಅನ್ನುವ ಭಯ ಹುಟ್ಟಿದ್ದು 2009ರಲ್ಲಿ ರಗ್ಬಿ ಆಟಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಿಂದ. ಅದರಲ್ಲಿ ಡಿಎಚ್‌ಟಿ ಎಂಬ, ಕೂದಲು ಉದುರುವುದಕ್ಕೆ ಸಂಬಂಧಿಸಿದ ಹಾರ್ಮೋನು ಏರಿತ್ತು, ಕೂದಲನ್ನು ಅವರು ಅಳೆದೇ ಇರಲಿಲ್ಲ.

ಪಥ್ಯಪಾಠ

ಇದಕ್ಕೆ ಒಂದು ಮುಖ್ಯ ಎಚ್ಚರಿಕೆ. ಕ್ರಿಯಾಟಿನ್ ತಗೊಳ್ಳುವವರ ರಕ್ತದಲ್ಲಿ, ಮೂತ್ರಪಿಂಡದ ಕೆಲಸ ತಿಳಿಯಲು ಅಳೆಯುವ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಆರೋಗ್ಯ ತಪಾಸಣೆಯಲ್ಲಿ ಅದನ್ನು ಕಂಡು ಕಿಡ್ನಿ ಹೋಯಿತು ಅಂತ ಗಾಬರಿಯಾಗುತ್ತದೆ. ಮುಂಚೆಯೇ ವೈದ್ಯರಿಗೆ ಹೇಳಿ, ಅನುಮಾನವಿದ್ದರೆ ಕ್ರಿಯಾಟಿನ್‌ನಿಂದ ಬದಲಾಗದ ಸಿಸ್ಟಾಟಿನ್-ಸಿ ಪರೀಕ್ಷೆ ಮಾಡಿಸಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಆರೋಗ್ಯವಂತ ಮೂತ್ರಪಿಂಡಕ್ಕೆ 1.6–2 ಗ್ರಾಂ ಪ್ರೋಟೀನ್‌ನಿಂದ ಹಾನಿಯಾದ ಸಾಕ್ಷ್ಯವಿಲ್ಲ. ಆದರೆ ನಮ್ಮಲ್ಲಿ ಸಕ್ಕರೆ, ರಕ್ತದೊತ್ತಡ ಇದ್ದೂ ಗೊತ್ತಿಲ್ಲದವರು ಬಹಳ. ಮೂವತ್ತೈದು ದಾಟಿದವರು ಪ್ರೋಟೀನ್ ಏರಿಸುವ ಮುಂಚೆ ಕ್ರಿಯಾಟಿನಿನ್, ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು), ಮೂತ್ರದ ಅಲ್ಬುಮಿನ್ ಮೂರನ್ನೂ ನೋಡಿಸಿ. ಮೂತ್ರಪಿಂಡ ಕಾಯಿಲೆ ಇದ್ದವರಿಗೆ ಈ ಎಳೆಯ ಯಾವ ಸಂಖ್ಯೆಯೂ ಅನ್ವಯಿಸುವುದಿಲ್ಲ, ಅವರಿಗೆ ಪ್ರೋಟೀನ್ ಇಳಿಸಬೇಕಾಗಬಹುದು. ಡಯಾಲಿಸಿಸ್ ಶುರುವಾದ ಮೇಲೆ ಮತ್ತೆ ಏರಿಸಬೇಕಾಗುತ್ತದೆ. ಅದನ್ನು ತಜ್ಞರೇ ಹೇಳಬೇಕು.

ಹೊಸಬ 560

ಬಿಸಿಎಎ, ಗ್ಲುಟಮಿನ್, ಟೆಸ್ಟೊಸ್ಟೆರೋನ್ ಬೂಸ್ಟರ್, ಕೊಲಾಜನ್?

ಲೇಬಲ್ ಓದುಗ

ಸ್ನಾಯುವಿಗೆ ಯಾವುದೂ ಬೇಡ. ಬಿಸಿಎಎ ಮೂರೇ ಅಮೈನೋ ಆಮ್ಲ, ಸ್ನಾಯು ಕಟ್ಟಲು ಒಂಬತ್ತೂ ಅಗತ್ಯ ಅಮೈನೋ ಆಮ್ಲ ಬೇಕು. ಕೊಲಾಜನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲ, ಲ್ಯೂಸಿನ್ ಕಡಿಮೆ.

ರಾಮನಗರದ ರಾಗಿ

2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೇ ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂದಿದೆಯಲ್ಲ?

ಪಥ್ಯಪಾಠ

ಹೌದು. ಅದು ಇಡೀ ದೇಶದ ಜನಸಾಮಾನ್ಯರಿಗೆ ಬರೆದದ್ದು. ಸೇರಿಸಿದ ಸಕ್ಕರೆ, ಕೃತಕ ರುಚಿ, ಗುಣಮಟ್ಟದ ಬಗ್ಗೆ ಅದರ ಆತಂಕ ಸರಿಯಾದದ್ದೇ, ಮೇಲಿನ 36 ಪುಡಿಗಳ ಪರೀಕ್ಷೆಯೂ ಅದನ್ನೇ ತೋರಿಸಿದೆ. ಊಟದಿಂದ ಗುರಿ ಮುಟ್ಟಿದವರಿಗೆ ಪುಡಿ ಬೇಡ. ಆದರೆ ಹಾಸ್ಟೆಲ್ ಊಟದವರು, ಹಗಲು-ರಾತ್ರಿ ಪಾಳಿಯವರು, ಹಲ್ಲಿಲ್ಲದ ಹಿರಿಯರು ಊಟದಿಂದ ಮುಟ್ಟುವುದು ಕಷ್ಟ. ಅವರಿಗೆ ಒಂದು ಸ್ಕೂಪ್ ಒಳ್ಳೆಯ ವೇ ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ.

ಉಡುಪಿ ಅಡುಗೆ

ಚಾತುರ್ಮಾಸ್ಯ ವ್ರತ ಮಾಡುವ ಮನೆಗಳ ಪ್ರಶ್ನೆ ಇಲ್ಲಿ ಬಂದಿಲ್ಲ. ನಾಲ್ಕು ತಿಂಗಳು ಪ್ರೋಟೀನ್‌ನ ಒಂದೊಂದು ಮೂಲ ಕಟ್ ಆಗುತ್ತದೆ, ಯೋಜನೆ ಮುಂಚೆಯೇ ಬೇಕು. ಶಾಕವ್ರತದ ತಿಂಗಳಲ್ಲಿ ತರಕಾರಿ ಇಲ್ಲ, ಹಾಲು, ಮೊಸರು, ಹೆಸರುಬೇಳೆ ಇವೆ: ಹೆಸರುಬೇಳೆ ತೊವ್ವೆ ತಲೆಗೆ 50 ಗ್ರಾಂ ಎರಡು ಹೊತ್ತು ಮಾಡಿದರೆ 22 ಗ್ರಾಂ. ದಧಿವ್ರತದಲ್ಲಿ ಮೊಸರಿನ ಬದಲು ಹಾಲು ಏರಿಸಿ. ಕ್ಷೀರವ್ರತದಲ್ಲಿ ಹಾಲಿಲ್ಲ, ಮೊಸರು ನಡೆಯುತ್ತದೆ. ವೇ ಮತ್ತು ಹಾಲಿನ ಪುಡಿ ಹಾಲಿನದೇ ಆದ್ದರಿಂದ ಆ ತಿಂಗಳು ಬಿಟ್ಟು, ಬೇಳೆ ಹೆಚ್ಚಿಸಿ. ಕಷ್ಟವಾಗುವುದು ದ್ವಿದಳವ್ರತ: ಬೇಳೆ, ಕಾಳು, ಶೇಂಗಾ ಎಲ್ಲವೂ ಹೋಗುತ್ತವೆ. ಆಗ ಅಕ್ಕಿ, ಗೋಧಿಯ ಲೈಸಿನ್ ಕೊರತೆ ತುಂಬುವುದು ಹಾಲು, ಮೊಸರು ಮಾತ್ರ. ಹಾಲು-ಮೊಸರು ಸೇರಿ ದಿನಕ್ಕೆ ಒಂದು ಲೀಟರ್ ಆದರೆ 32 ಗ್ರಾಂ, ಹಾಲಿನ ಪುಡಿ 50 ಗ್ರಾಂ ಆದರೆ 18. ಯಾವುದು ನಡೆಯುತ್ತದೆ ಅನ್ನುವುದು ಮನೆಮನೆಗೆ ಬೇರೆ, ಹಿರಿಯರನ್ನು ಕೇಳಿ ಪಟ್ಟಿ ಮಾಡಿಕೊಳ್ಳಿ.

ನುಚ್ಚಿನುಂಡೆ

ಅರವತ್ತು ದಾಟಿದವರಿಗೂ ಇದೇ ಲೆಕ್ಕವೇ?

ಪಥ್ಯಪಾಠ

ಅವರಿಗೆ ಕನಿಷ್ಠ ಕಿಲೋಗೆ 1.0–1.2 ಗ್ರಾಂ, ವ್ಯಾಯಾಮ ಮಾಡುವವರಿಗೆ ಇನ್ನೂ ಹೆಚ್ಚು. ವಯಸ್ಸಾದ ಸ್ನಾಯು ಸಣ್ಣ ಪ್ರಮಾಣಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಆದ್ದರಿಂದ ಒಂದೊಂದು ಊಟದಲ್ಲಿ 25–30 ಗ್ರಾಂ ಬರಬೇಕು. ರಾತ್ರಿ ಎರಡು ಇಡ್ಲಿ ತಿಂದು ಮಲಗುವ ರೂಢಿ ಅವರ ತೊಡೆಯನ್ನು ಕರಗಿಸುತ್ತದೆ. ಮನೆಯಲ್ಲೇ ಪರೀಕ್ಷೆ: ಕೈಗಳನ್ನು ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಏಷ್ಯಾದ ತಜ್ಞರ 2019ರ ಮಾನದಂಡದ ಪ್ರಕಾರ ವೈದ್ಯರಿಗೆ ತೋರಿಸಬೇಕು. ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಾದರೂ ಹಾಗೇ. ಬಿ12, ವಿಟಮಿನ್ ಡಿ ಸಹ ನೋಡಿಸಿ. ಊಟದ ಜೊತೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಹತ್ತರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದಿನಲ್ಲಿರುವವರಿಗೂ ಇದು ಅಷ್ಟೇ ಮುಖ್ಯ. ಹಸಿವು ಸತ್ತು ಊಟ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ತಟ್ಟೆಯಲ್ಲಿ ಪ್ರೋಟೀನ್ ಮೊದಲು ತಿನ್ನಬೇಕು.

ಗರಡಿ ಮಣ್ಣು

ಸ್ಪರ್ಧೆಗೆ ಇಳಿಯುವ ಕುಸ್ತಿ, ಕಬಡ್ಡಿ ಹುಡುಗರಿಗೆ: ವೇ, ಕ್ರಿಯಾಟಿನ್ ನಿಷೇಧಿತವಲ್ಲ. ಆದರೆ ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪ್ರೀ-ವರ್ಕೌಟ್ ಪುಡಿಯಲ್ಲಿ ಲೇಬಲ್‌ಗೆ ಬರದ ಉತ್ತೇಜಕ ಇರಬಹುದು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ನಮ್ಮ ಹಲವು ಕ್ರೀಡಾಪಟುಗಳು ಸಿಕ್ಕಿಬಿದ್ದದ್ದು ಮೀಥೈಲ್‌ಹೆಕ್ಸಾನಮೈನ್ ಎಂಬ ಉತ್ತೇಜಕಕ್ಕೆ. ಗೊತ್ತಿಲ್ಲದೆ ಕುಡಿದೆ ಅಂದರೂ ಹೊಣೆ ಕ್ರೀಡಾಪಟುವಿನದೇ. ಬ್ಯಾಚ್‌ವಾರು ಪರೀಕ್ಷೆಯಾದ ಇನ್ಫಾರ್ಮ್ಡ್ ಸ್ಪೋರ್ಟ್ ಮುದ್ರೆಯಂಥದ್ದು ಇದ್ದರೆ ಮಾತ್ರ ತಗೊಳ್ಳಿ, ಖಾಲಿ ಡಬ್ಬಿ ಎಸೆಯದೆ ಬ್ಯಾಚ್ ಸಂಖ್ಯೆಯ ಸಮೇತ ಇಟ್ಟುಕೊಳ್ಳಿ.

ಹೊಸಬ 560

ಕೊನೆಯದು. ಪ್ರೋಟೀನ್ ಮುಟ್ಟಿದರೂ ತೂಕ ಏರದಿದ್ದರೆ ಇನ್ನೂ ಪ್ರೋಟೀನ್ ಹೆಚ್ಚಿಸಬೇಕಾ?

ತೂಕದಕಲ್ಲು

ಬೇಡ. ಬೆಳಿಗ್ಗೆ ಶೌಚ ಮುಗಿಸಿ ವಾರಕ್ಕೆ ಮೂರು ಸಲ ತೂಗಿ ಸರಾಸರಿ ನೋಡಿ. ಮೂರು ವಾರ ಅಲ್ಲಾಡದಿದ್ದರೆ ಕೊರತೆ ಕ್ಯಾಲೊರಿಯದು. ದಿನಕ್ಕೆ 200 ಕ್ಯಾಲೊರಿ ಏರಿಸಿ, ಅಂದರೆ ಇನ್ನೊಂದು ಚಪಾತಿ ಮತ್ತು ಎರಡು ಚಮಚ ತುಪ್ಪ. ಸೊಂಟದ ಟೇಪು ತೂಕಕ್ಕಿಂತ ವೇಗವಾಗಿ ಏರಿದರೆ ಅರ್ಧ ಇಳಿಸಿ. ಜೊತೆಗೆ ತರಬೇತಿಯ ಪುಸ್ತಕ ನೋಡಿ: ಪ್ರತಿ ಸ್ನಾಯುಗುಂಪಿಗೆ ವಾರದಲ್ಲಿ ಎರಡು ದಿನ ಹಂಚಿ ಹತ್ತು ಸೆಟ್ ಆಗುತ್ತಿದೆಯೇ, ಎತ್ತುವ ಭಾರ ಅಥವಾ ಎಣಿಕೆ ಎರಡು-ಮೂರು ವಾರಕ್ಕೊಮ್ಮೆಯಾದರೂ ಏರುತ್ತಿದೆಯೇ? ಏರುತ್ತಿಲ್ಲವಾದರೆ ಸರಿಪಡಿಸಬೇಕಾದದ್ದು ಅಲ್ಲಿ, ಇಲ್ಲವೇ ನಿದ್ರೆಯಲ್ಲಿ.